ಬೆರೆಸೋಣವೋ, ಬೇರೆ ಮಾಡೋಣವೋ? ನಡೆಯುವವರಿಗೂ ಸೈಕಲ್ ತುಳಿಯುವವರಿಗೂ ಸುರಕ್ಷಿತ ದಾರಿ ಆರಿಸುವ ಬಗೆ

ರಸ್ತೆ ಸುರಕ್ಷತೆಯ ಬಗ್ಗೆ ಮಾತಾಡಲು ಜನ ಸೇರಿದರೆ ಹತ್ತೇ ನಿಮಿಷದಲ್ಲಿ ಬೇಡಿಕೆಗಳ ಪಟ್ಟಿ ಸಿದ್ಧವಾಗುತ್ತದೆ. ಒಬ್ಬರಿಗೆ ಹಂಪ್ ಬೇಕು. ಇನ್ನೊಬ್ಬರಿಗೆ ಸೈಕಲ್ ಪಥ. ಮತ್ತೊಬ್ಬರಿಗೆ ಶಾಲೆಯ ಮುಂದೆ ಜೀಬ್ರಾ ಕ್ರಾಸಿಂಗ್. ಎಲ್ಲವೂ ನ್ಯಾಯವಾದ ಬೇಡಿಕೆಗಳೇ. ಆದರೆ ಯಾವುದು ಯಾವ ಜಾಗಕ್ಕೆ ಹೊಂದುತ್ತದೆ ಎಂದು ನೋಡದೆ ಆರಿಸಿದರೆ ದುಡ್ಡು ಖರ್ಚಾಗುತ್ತದೆ, ಅಪಾಯ ಮಾತ್ರ ಅಲ್ಲೇ ಉಳಿಯುತ್ತದೆ.

ಹಾಗಾಗಿ ಈ ಬರಹದಲ್ಲಿ ನಾನು ಒತ್ತಿ ಹೇಳುವುದು ಒಂದೇ ಮಾತು. ಯಾವ ವಿನ್ಯಾಸ ಬೇಕು ಎಂದು ಕೇಳುವ ಮೊದಲು, ಆ ರಸ್ತೆಯಲ್ಲಿ ಗಾಡಿಗಳು ನಿಜವಾಗಿ ಎಷ್ಟು ವೇಗದಲ್ಲಿ ಓಡುತ್ತವೆ, ದಿನಕ್ಕೆ ಎಷ್ಟು ಗಾಡಿಗಳು ಓಡುತ್ತವೆ ಎಂದು ತಿಳಿಯಿರಿ. ನಡೆಯುವವರು, ಸೈಕಲ್, ಕಾರು ಎಲ್ಲವನ್ನೂ ಒಂದೇ ಜಾಗದಲ್ಲಿ ಬೆರೆಸಬಹುದಾ, ಬೇರೆ ಬೇರೆ ಮಾಡಲೇಬೇಕಾ ಎಂಬುದನ್ನು ಆ ಎರಡು ಸಂಖ್ಯೆಗಳೇ ಹೇಳುತ್ತವೆ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಮೊದಲು ಅಳೆಯಿರಿ

ಗಂಟೆಗೆ 30 ಕಿ.ಮೀ. ವೇಗದಲ್ಲಿ ಬರುವ ಕಾರಿನ ಮುಂದೆ ಒಂದು ಮಗು ಅಡ್ಡ ಬಂತು ಅಂದುಕೊಳ್ಳಿ. ಚಾಲಕರು ಅದನ್ನು ನೋಡಿ ಕಾಲನ್ನು ಬ್ರೇಕಿಗೆ ತರಲು ಸುಮಾರು ಒಂದು ಸೆಕೆಂಡು ಬೇಕು. ಅಷ್ಟರಲ್ಲಿ ಕಾರು 8 ಮೀಟರ್ ಮುಂದೆ ಬಂದಿರುತ್ತದೆ. ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ನಿಲ್ಲಲು ಇನ್ನು 5 ಮೀಟರ್ ಸಾಕು. ಒಟ್ಟು 13. ಅದೇ ಕಾರು 50ರಲ್ಲಿ ಬಂದಿದ್ದರೆ ಆ ಒಂದು ಸೆಕೆಂಡಿನಲ್ಲಿ 14 ಮೀಟರ್ ಹೋಗಿರುತ್ತದೆ. ನಿಲ್ಲಲು ಮತ್ತೆ 14 ಮೀಟರ್ ಬೇಕು. ಅಂದರೆ ಮೊದಲ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯ ಕಾರಿಗೆ ಇನ್ನೂ ಬ್ರೇಕೇ ಬಿದ್ದಿರುವುದಿಲ್ಲ. ಮಗುವಿಗೆ ಬೀಳುವುದು ಪೂರ್ತಿ 50ರ ಹೊಡೆತ. ಆ ಹೊಡೆತದ ಶಕ್ತಿಯೂ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 30ಕ್ಕೆ ಹೋಲಿಸಿದರೆ 50ರಲ್ಲಿ ಸುಮಾರು 2.8 ಪಟ್ಟು.

ಸರಾಸರಿ ವೇಗ ಶೇ. 1ರಷ್ಟು ಹೆಚ್ಚಿದರೆ ಸಾವು ತರುವ ಅಪಘಾತದ ಸಂಭವ ಶೇ. 4ರಷ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ನಡೆಯುವವರು, ಸೈಕಲ್ ಮತ್ತು ಬೈಕಿನವರು. ಮೈ ಸುತ್ತ ಕಬ್ಬಿಣದ ಗೂಡು ಇಲ್ಲದವರು.

ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ರಸ್ತೆ ಬದಿಯಲ್ಲಿ ಸರಿಯಾಗಿ 50 ಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿ. ಮೊಬೈಲಿನ ಸ್ಟಾಪ್‌ವಾಚ್ ಹಿಡಿಯಿರಿ. ಒಂದು ಗಾಡಿ ಆ 50 ಮೀಟರನ್ನು 6 ಸೆಕೆಂಡಿನಲ್ಲಿ ದಾಟಿದರೆ ವೇಗ 30. ನಾಲ್ಕೂವರೆ ಸೆಕೆಂಡಿಗೆ ದಾಟಿದರೆ 40. 3.6 ಸೆಕೆಂಡಿಗೆ ದಾಟಿದರೆ 50. ರಸ್ತೆ ಖಾಲಿ ಇದ್ದಾಗ 100 ಗಾಡಿಗಳ ಸಮಯ ಬರೆದುಕೊಳ್ಳಿ. ನಿಧಾನದಿಂದ ವೇಗದ ಕಡೆಗೆ ಜೋಡಿಸಿ 85ನೆಯದನ್ನು ನೋಡಿ. ಎಂಜಿನಿಯರುಗಳೂ ಸಾಮಾನ್ಯವಾಗಿ ನೋಡುವುದು ಆ ಸಂಖ್ಯೆಯನ್ನೇ. ಫಲಕದ ಮೇಲೆ 30 ಎಂದು ಬರೆದಿದ್ದರೂ ಅಳತೆಯಲ್ಲಿ 46 ಬಂದರೆ, ಅದು 46ರ ರಸ್ತೆ. ಅದಕ್ಕೆ ತಕ್ಕ ಹಾಗೇ ಯೋಚಿಸಬೇಕು.

ಎಣಿಕೆಗೂ ಒಂದು ಸುಲಭ ದಾರಿ ಇದೆ. ದಿನದ ಒಟ್ಟು ಗಾಡಿಗಳಲ್ಲಿ ಹತ್ತನೇ ಒಂದು ಪಾಲು ಅತಿ ದಟ್ಟಣೆಯ ಒಂದು ಗಂಟೆಯಲ್ಲಿ ಓಡುತ್ತದೆ ಎಂದು ಸ್ಥೂಲವಾಗಿ ಲೆಕ್ಕ ಹಾಕಬಹುದು. ಆ ಗಂಟೆಯಲ್ಲಿ ನಿಮಿಷಕ್ಕೆ ನಾಲ್ಕು ಗಾಡಿ ಎಣಿಸಿದರೆ ದಿನಕ್ಕೆ ಸುಮಾರು 2,400.

ಗೆರೆ ಎಲ್ಲಿದೆ?

ನೆದರ್‌ಲೆಂಡ್ಸ್ ಮತ್ತು ಬ್ರಿಟನ್ನಿನ ಈಗಿನ ಮಾರ್ಗಸೂಚಿಗಳು ಹೆಚ್ಚು ಕಡಿಮೆ ಒಂದೇ ಗೆರೆ ಎಳೆಯುತ್ತವೆ. ವೇಗ 30ರ ಒಳಗೆ, ದಿನಕ್ಕೆ ಎರಡು ಅಥವಾ ಎರಡೂವರೆ ಸಾವಿರ ಗಾಡಿಗಳ ಒಳಗೆ ಇದ್ದರೆ ಸೈಕಲ್ ಮತ್ತು ಕಾರು ಒಂದೇ ರಸ್ತೆಯಲ್ಲಿ ಹೋಗಬಹುದು. ಅದನ್ನು ಮೀರಿದರೆ ಬೇರೆ ಜಾಗ ಕೊಡಬೇಕು. 50ರ ರಸ್ತೆಯಲ್ಲಿ ಬೇರೆ ಮಾಡುವುದು ಬಿಟ್ಟು ಮರ್ಯಾದೆಯ ದಾರಿಯೇ ಇಲ್ಲ.

ಈ ಗೆರೆ ಸುಮ್ನೆ ಬಂದದ್ದಲ್ಲ. 1971ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಸುಮಾರು 3,300 ಜನ ರಸ್ತೆಯಲ್ಲಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ತಂದೆತಾಯಿಗಳು ಬೀದಿಗೆ ಬಂದರು. ಇವತ್ತು ನಾವು ಫೋಟೋದಲ್ಲಿ ನೋಡಿ ಮೆಚ್ಚುವ ಡಚ್ ಸೈಕಲ್ ದಾರಿಗಳ ಹಿಂದೆ ಆ ದುಃಖ ಇದೆ. ಅದನ್ನು ಮರೆಯಬಾರದು. ಸ್ವೀಡನ್ 1997ರಲ್ಲಿ ‘ವಿಷನ್ ಝೀರೋ’ ನೀತಿಯನ್ನು ಸಂಸತ್ತಿನಲ್ಲೇ ಒಪ್ಪಿತು. ಮನುಷ್ಯ ತಪ್ಪು ಮಾಡುತ್ತಾನೆ, ಆ ತಪ್ಪಿಗೆ ಸಾವಿನ ಶಿಕ್ಷೆ ಆಗದ ಹಾಗೆ ರಸ್ತೆ ಕಟ್ಟಬೇಕು ಎಂಬುದು ಅದರ ತಿರುಳು. 2019ರಲ್ಲಿ ನಾರ್ವೆಯ ಓಸ್ಲೋದಲ್ಲಿ ನಡೆಯುವವರಾಗಲಿ ಸೈಕಲ್ಲಿನವರಾಗಲಿ ಒಬ್ಬರೂ ರಸ್ತೆಯಲ್ಲಿ ಸಾಯಲಿಲ್ಲ. ಅದೇ ವರ್ಷ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ನಡೆಯುವವರ ಸಾವು ಸೊನ್ನೆ. ಇದು ಆಗುವ ಕೆಲಸ.

ಬೆರೆಸುವುದಾದರೆ: ನಿಧಾನ ಮಾಡುವ ದಾರಿಗಳು

ಒಳರಸ್ತೆಗಳಲ್ಲಿ ಬೆರೆಸುವುದೇ ಒಳ್ಳೆಯದು. ಎಲ್ಲ ಬೀದಿಗೂ ಸೈಕಲ್ ಪಥ ಮಾಡಲು ಜಾಗವೂ ಇರುವುದಿಲ್ಲ, ಅಗತ್ಯವೂ ಇಲ್ಲ. ಪ್ರಶ್ನೆ ಇರುವುದು ವೇಗವನ್ನು 30ರ ಒಳಗೆ ತರುವುದು ಹೇಗೆ ಎಂಬುದರಲ್ಲಿ.

ಬರೀ ಫಲಕ ಅಗ್ಗ. ಇಡೀ ಊರಿಗೆ ಒಂದೇ ನಿಯಮ ಬಂದಾಗ ಅದಕ್ಕೆ ಬಲ ಬರುತ್ತದೆ. ಆಸ್ಟ್ರಿಯಾದ ಗ್ರಾಝ್ ನಗರ 1992ರಲ್ಲೇ ಮುಖ್ಯ ರಸ್ತೆಗಳನ್ನು ಬಿಟ್ಟು ಉಳಿದ ಕಡೆ 30ರ ಮಿತಿ ತಂದಿತು. 2021ರಲ್ಲಿ ಸ್ಪೇನ್, ಪ್ರತಿ ದಿಕ್ಕಿಗೆ ಒಂದೇ ಲೇನ್ ಇರುವ ನಗರದ ಬೀದಿಗಳಿಗೆಲ್ಲ ಅದೇ ಮಿತಿ ಹಾಕಿತು. ಆದರೆ ಒಂದು ಬೀದಿಗೆ ಮಾತ್ರ ಫಲಕ ನೆಟ್ಟು, ರಸ್ತೆಯನ್ನು ಅಗಲವಾಗಿ ನೇರವಾಗಿ ಹಾಗೇ ಬಿಟ್ಟರೆ ಚಾಲಕರು ಫಲಕದ ಮಾತು ಕೇಳುವುದಿಲ್ಲ. ರಸ್ತೆಯ ಮಾತು ಕೇಳುತ್ತಾರೆ.

ಹಂಪ್ ಕೆಲಸ ಮಾಡುತ್ತದೆ, ಸರಿಯಾಗಿ ಕಟ್ಟಿದರೆ. ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯ 1970ರ ದಶಕದಲ್ಲಿ ಪರೀಕ್ಷಿಸಿ ರೂಪಿಸಿದ ಹಂಪ್ ಸುಮಾರು 3.7 ಮೀಟರ್ ಉದ್ದ, 10 ಸೆಂಟಿಮೀಟರ್ ಎತ್ತರ. ಅಂದರೆ ಗಾಡಿ ನಿಧಾನವಾಗಿ ಏರಿ ಇಳಿಯುವ ಗುಡ್ಡ. ನಾವು ಎಲ್ಲೆಲ್ಲೂ ನೋಡುವ ಗಿಡ್ಡ, ಕಡಿದಾದ ದಿಬ್ಬ ಅದಲ್ಲ. ಕಡಿದಾದ ದಿಬ್ಬ ಸೈಕಲ್ಲಿನವರನ್ನು ಬೀಳಿಸುತ್ತದೆ, ಆಂಬ್ಯುಲೆನ್ಸ್‌ನಲ್ಲಿ ಮಲಗಿದವರ ಬೆನ್ನು ಮುರಿಯುತ್ತದೆ. ಬಸ್ಸು, ಆಂಬ್ಯುಲೆನ್ಸ್ ಓಡುವ ದಾರಿಯಾದರೆ ತಲೆ ಚಪ್ಪಟೆ ಇರುವ ಉದ್ದನೆಯ ಮೇಜಿನಂಥ ಉಬ್ಬು ಆರಿಸಿ. ಇಲ್ಲವೇ ಕಾರಿನ ಚಕ್ರಕ್ಕೆ ಸಿಕ್ಕಿ, ನಡುವಿನ ಅಂತರ ಜಾಸ್ತಿ ಇರುವ ಬಸ್ಸಿನ ಚಕ್ರಗಳಿಗೆ ಸಿಗದ ತುಂಡು ದಿಬ್ಬಗಳನ್ನು ಆರಿಸಿ. ಆ ತುಂಡುಗಳ ನಡುವೆ ಸೈಕಲ್ಲಿಗೂ ಸಮತಟ್ಟು ದಾರಿ ಸಿಗುತ್ತದೆ. ಇನ್ನೊಂದು ವಿಷಯ: ಒಂದೇ ಹಂಪ್ ಹಾಕಿದರೆ ಅದನ್ನು ದಾಟಿದ ಕೂಡಲೇ ಎಲ್ಲರೂ ಮತ್ತೆ ವೇಗ ಹಿಡಿಯುತ್ತಾರೆ. ಹಾಕುವುದಾದರೆ ಸಾಲಾಗಿ, ಒಂದರಿಂದ ಇನ್ನೊಂದು ಕಾಣುವ ಹಾಗೆ ಹಾಕಬೇಕು.

ಪುಟ್ಟ ಅಡ್ಡರಸ್ತೆಗಳು ಕೂಡುವ ಕಡೆ ಹಂಪ್‌ಗಿಂತ ಪುಟ್ಟ ವೃತ್ತವೇ ನನಗೆ ಹೆಚ್ಚು ಸರಿ ಕಾಣುತ್ತದೆ. ನಡುವೆ ಒಂದು ಗಿಡ, ಸುತ್ತ ಗುಂಡಗೆ ಕಟ್ಟೆ. ಸಿಯಾಟಲ್ ನಗರದಲ್ಲಿ ಇಂಥವು ಸಾವಿರಕ್ಕೂ ಹೆಚ್ಚಿವೆ. ಅಪಘಾತ ಜಾಸ್ತಿ ಆಗುವ ಜಾಗದಲ್ಲೇ, ಅಂದರೆ ಕೂಡುರಸ್ತೆಯಲ್ಲೇ ವೇಗ ಇಳಿಸುತ್ತದೆ ಎಂಬುದು ಅದರ ಗುಣ. ರಸ್ತೆಯನ್ನು ಕಿರಿದು ಮಾಡುವುದು, ಅಂದರೆ ಬದಿಯಿಂದ ಕಟ್ಟೆ ಚಾಚಿ ಒಂದು ಗಾಡಿಗಷ್ಟೇ ಜಾಗ ಬಿಡುವುದು, ನಡೆಯುವವರಿಗೆ ಒಳ್ಳೆಯದು. ಸೈಕಲ್ಲಿನವರಿಗೆ ಮಾತ್ರ ಅಲ್ಲಿ ಹಿಂದಿನ ಕಾರು ಒತ್ತುತ್ತದೆ. ಸೈಕಲ್ ನುಸುಳಿ ಹೋಗಲು ಬದಿಯಲ್ಲಿ ಒಂದೂವರೆ ಮೀಟರ್ ದಾರಿ ಬಿಟ್ಟರೆ ಆ ತೊಂದರೆ ತಪ್ಪುತ್ತದೆ.

ಇವೆಲ್ಲಕ್ಕಿಂತ ಬಲವಾದ ಉಪಾಯ ಒಂದಿದೆ. ಅದರ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ಅದು ಅಡ್ಡದಾರಿ ಹಿಡಿಯುವ ಗಾಡಿಗಳನ್ನು ತಡೆಯುವುದು. ಬೀದಿಯ ಮಧ್ಯೆ ಎಲ್ಲೋ ಒಂದು ಕಡೆ ಮೂರು ನಾಲ್ಕು ದೊಡ್ಡ ಹೂಕುಂಡ ಇಡಿ. ನಡೆಯುವವರು, ಸೈಕಲ್ಲಿನವರು, ಗಾಲಿಕುರ್ಚಿಯವರು ನೇರ ಹೋಗಬಹುದು. ಕಾರು ಹೋಗುವಂತಿಲ್ಲ. ಆ ಬೀದಿಯ ಪ್ರತಿ ಮನೆಗೂ ಕಾರು ಬರಬಹುದು, ಆದರೆ ಬಂದ ದಿಕ್ಕಿನಿಂದಲೇ ವಾಪಸ್ ಹೋಗಬೇಕು. ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸಲು ಒಳಗೆ ನುಗ್ಗುವವರಿಗೆ ಅಲ್ಲಿ ಕೆಲಸ ಇಲ್ಲ. ಡಚ್ ನಗರ ಗ್ರೋನಿಂಗನ್ 1977ರಲ್ಲಿ ತನ್ನ ನಗರಕೇಂದ್ರವನ್ನು ನಾಲ್ಕು ಭಾಗ ಮಾಡಿತು. ಒಂದು ಭಾಗದಿಂದ ಇನ್ನೊಂದಕ್ಕೆ ಕಾರು ನೇರ ಹೋಗುವಂತಿಲ್ಲ, ಹೊರಗಿನ ವರ್ತುಲ ರಸ್ತೆ ಹಿಡಿಯಬೇಕು. ಸೈಕಲ್ ನೇರ ಹೋಗಬಹುದು. ಅದೇ ದೇಶದ ಹೌಟನ್ ಪಟ್ಟಣವನ್ನು ಮೊದಲಿನಿಂದಲೇ ಹೀಗೆ ಕಟ್ಟಿದ್ದಾರೆ. ಅಲ್ಲಿ ಸೈಕಲ್ ದಾರಿ ಹತ್ತಿರದ ದಾರಿ, ಕಾರಿನದು ಸುತ್ತಿನ ದಾರಿ.

ಹಂಪ್ ವೇಗ ಇಳಿಸುತ್ತದೆ. ಹೂಕುಂಡ ವೇಗವನ್ನೂ ಗಾಡಿಗಳ ಸಂಖ್ಯೆಯನ್ನೂ ಇಳಿಸುತ್ತದೆ. ಖರ್ಚು ಹಂಪ್‌ಗಿಂತ ಜಾಸ್ತಿ ಆಗಬೇಕೆಂದಿಲ್ಲ. ಹಾಗಾದರೆ ಕಷ್ಟ ಏನು? ಜನರ ಒಪ್ಪಿಗೆ. ತಮ್ಮ ಕಾರಿಗೇ ಎರಡು ನಿಮಿಷ ಸುತ್ತು ಜಾಸ್ತಿ ಆಗುತ್ತದೆ ಎಂದು ಬೇಸರ ಬರುತ್ತದೆ. ಅಕ್ಕಪಕ್ಕದ ಬೀದಿಗೆ ಗಾಡಿಗಳು ಹೊರಳುವ ಭಯವೂ ನ್ಯಾಯವೇ. ಅದಕ್ಕೇ ಇದನ್ನು ಒಂದು ಬೀದಿಗೆ ಮಾಡಬಾರದು. ನಾಲ್ಕು ಮುಖ್ಯರಸ್ತೆಗಳ ನಡುವಿನ ಇಡೀ ಚೌಕಕ್ಕೆ ಒಟ್ಟಿಗೆ ಮಾಡಬೇಕು. ಆಂಬ್ಯುಲೆನ್ಸ್, ಅಗ್ನಿಶಾಮಕ ಗಾಡಿಗಳ ದಾರಿಯನ್ನು ಮೊದಲೇ ಅವರ ಜೊತೆ ಕೂತು ಗೊತ್ತು ಮಾಡಬೇಕು. ಬೇಕಾದಾಗ ತೆಗೆಯಬಲ್ಲ ಗೂಟಗಳೂ ಸಿಗುತ್ತವೆ.

ಇನ್ನು ಫುಟ್‌ಪಾತೇ ಇಲ್ಲದೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವ ವಿನ್ಯಾಸ. 1960ರ ದಶಕದ ಕೊನೆಗೆ ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ನಗರದಲ್ಲಿ ಹುಟ್ಟಿದ ‘ವೂನೆರ್ಫ್’ ಹೀಗಿದೆ. ಮಕ್ಕಳು ಆಡುವ ಬೀದಿಯಲ್ಲಿ ಕಾರು ಅತಿಥಿಯ ಹಾಗೆ, ನಡಿಗೆಯ ವೇಗದಲ್ಲಿ ಬರುತ್ತದೆ. ಮನೆಗಳ ಬೀದಿಗೆ ಇದು ಚೆಂದ. ಇದನ್ನೇ ದಟ್ಟ ಸಂಚಾರದ ಪೇಟೆಬೀದಿಗೆ ಹಿಗ್ಗಿಸಿದಾಗ ಕಣ್ಣು ಕಾಣದವರು ಕಷ್ಟಕ್ಕೆ ಬಿದ್ದರು. ಚಾಲಕರ ಕಣ್ಣಿಗೆ ಕಣ್ಣು ಕೊಟ್ಟು ದಾಟಬೇಕು ಎಂಬ ನಂಬಿಕೆಯ ಮೇಲೆ ನಿಂತ ವಿನ್ಯಾಸ ಅವರಿಗೆ ಹೇಗೆ ಹೊಂದುತ್ತದೆ ಹೇಳಿ? ಬ್ರಿಟನ್ ಸರ್ಕಾರ 2018ರಲ್ಲಿ ಇಂಥ ಹೊಸ ಯೋಜನೆಗಳನ್ನು ತಡೆಹಿಡಿಯಲು ಹೇಳಿತು. ಗಾಡಿಗಳು ನಿಜಕ್ಕೂ ಬೆರಳೆಣಿಕೆಯಷ್ಟಿದ್ದರೆ ಮಾತ್ರ ಇದನ್ನು ಆರಿಸಿ.

ಬೇರೆ ಮಾಡುವುದಾದರೆ: ಬಣ್ಣದ ಗೆರೆಯೋ, ಗಟ್ಟಿ ಕಟ್ಟೆಯೋ?

ಇಲ್ಲಿ ನಾನು ನಡು ದಾರಿ ಹಿಡಿಯುವುದಿಲ್ಲ. ವೇಗದ ರಸ್ತೆಯಲ್ಲಿ ಬರೀ ಬಣ್ಣದ ಪಟ್ಟಿ ಎಳೆದು ಅದನ್ನು ಸೈಕಲ್ ಪಥ ಎಂದು ಕರೆಯಬೇಡಿ. ಬಣ್ಣ ಯಾರನ್ನೂ ತಡೆಯುವುದಿಲ್ಲ. ಅದರ ಮೇಲೆ ಗಾಡಿ ನಿಲ್ಲಿಸುತ್ತಾರೆ. ಸೈಕಲ್ಲಿನವರು ಆ ಗಾಡಿ ಸುತ್ತಿಕೊಂಡು ವೇಗದ ಲೇನಿಗೆ ಇಳಿಯಬೇಕಾಗುತ್ತದೆ. ಪಥ ಇಲ್ಲದಿದ್ದರೆ ಎಷ್ಟು ಅಪಾಯವೋ ಅಷ್ಟೇ ಅಪಾಯ, ಜೊತೆಗೆ ಸುಳ್ಳು ಧೈರ್ಯ ಬೇರೆ. ಪಾರ್ಕಿಂಗ್ ಸಾಲಿನ ಹೊರಬದಿಗೆ ಪಟ್ಟಿ ಎಳೆದರೆ ಇನ್ನೂ ಕೆಟ್ಟದ್ದು. ಕಾರಿನ ಬಾಗಿಲು ತೆರೆದರೆ ಸುಮಾರು ಒಂದು ಮೀಟರ್ ಹೊರಕ್ಕೆ ಚಾಚುತ್ತದೆ. ಪಟ್ಟಿಯ ಮುಕ್ಕಾಲು ಭಾಗ ಆ ಬಾಗಿಲಿನ ಜಾಗದಲ್ಲೇ ಇರುತ್ತದೆ.

ಅದೇ ಅಗಲವನ್ನು ತಿರುಗಿಸಿ ಜೋಡಿಸಿ ನೋಡಿ. ಮೊದಲು ಫುಟ್‌ಪಾತ್, ಪಕ್ಕದಲ್ಲಿ ಸೈಕಲ್ ಪಥ, ಆಮೇಲೆ ಬಾಗಿಲಿಗೆ ಒಂದು ಮೀಟರ್ ಕಟ್ಟೆ, ಅದರಾಚೆ ಪಾರ್ಕಿಂಗ್. ಈಗ ನಿಂತ ಕಾರುಗಳೇ ಗೋಡೆ. ಕೋಪನ್‌ಹೇಗನ್‌ನಲ್ಲಿ ಪಥವನ್ನು ರಸ್ತೆಗಿಂತ ಒಂದು ಮೆಟ್ಟಿಲು ಎತ್ತರ, ಫುಟ್‌ಪಾತಿಗಿಂತ ಒಂದು ಮೆಟ್ಟಿಲು ತಗ್ಗು ಇಟ್ಟಿದ್ದಾರೆ. ನಡೆಯುವವರೂ ಸೈಕಲ್ಲಿನವರೂ ಒಬ್ಬರ ಜಾಗಕ್ಕೆ ಒಬ್ಬರು ಬರುವುದಿಲ್ಲ. ಒಂದೇ ದಿಕ್ಕಿನ ಪಥಕ್ಕೆ ಎರಡು ಮೀಟರಾದರೂ ಬೇಕು. ಒಬ್ಬರು ಇನ್ನೊಬ್ಬರನ್ನು ದಾಟಿ ಹೋಗಬೇಕಲ್ವಾ?

ರಸ್ತೆಯ ಎರಡೂ ಬದಿ ಒಂದೊಂದು ದಿಕ್ಕಿನ ಪಥವೋ, ಒಂದೇ ಬದಿಯಲ್ಲಿ ಎರಡೂ ದಿಕ್ಕಿನದೋ? ಎರಡನೆಯದು ಜಾಗ ಉಳಿಸುತ್ತದೆ, ಖರ್ಚು ಉಳಿಸುತ್ತದೆ. ಆದರೆ ಅಡ್ಡರಸ್ತೆಯಿಂದ ಬರುವ ಚಾಲಕರು ಗಾಡಿಗಳು ಬರುವ ಕಡೆಗೇ ನೋಡುತ್ತಾರೆ. ವಿರುದ್ಧ ಕಡೆಯಿಂದ ಬರುವ ಸೈಕಲ್ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಕೆರೆ, ನದಿ, ರೈಲು ಹಳಿಯ ಪಕ್ಕ, ಅಂದರೆ ಒಂದು ಬದಿಯಲ್ಲಿ ಅಡ್ಡರಸ್ತೆಗಳೇ ಇಲ್ಲದ ಕಡೆ, ಎರಡೂ ದಿಕ್ಕಿನ ಪಥವನ್ನು ಆ ಬದಿಗೆ ಧೈರ್ಯವಾಗಿ ಮಾಡಿ. ಐವತ್ತು ಹೆಜ್ಜೆಗೊಂದು ಗೇಟು, ಅಡ್ಡರಸ್ತೆ ಇರುವ ಬೀದಿಯಲ್ಲಿ ಬೇಡ.

ದುಡ್ಡು ಕಡಿಮೆ ಇದ್ದರೆ ಒಂದು ಕಿಲೋಮೀಟರ್ ಚೆಂದದ ಪಥಕ್ಕಿಂತ ಐದು ಕಿಲೋಮೀಟರ್ ಸಾದಾ, ಆದರೆ ತುಂಡಾಗದ ಪಥ ಮೇಲು. ಸ್ಪೇನಿನ ಸೆವಿಲ್ಯಾ ನಗರ 2006ರ ನಂತರದ ಕೆಲವೇ ವರ್ಷಗಳಲ್ಲಿ 100 ಕಿ.ಮೀ.ಗೂ ಹೆಚ್ಚು ಪಥವನ್ನು ಒಂದಕ್ಕೊಂದು ಜೋಡಿಸಿ ಕಟ್ಟಿತು. ಜೋಡಣೆ ಆದ್ದರಿಂದಲೇ ಜನ ಸೈಕಲ್ ಹತ್ತಿದರು. ನೂರು ಮೀಟರಿಗೆ ನಿಂತುಹೋಗುವ ಪಥದಲ್ಲಿ ಯಾರೂ ಮಗುವನ್ನು ಶಾಲೆಗೆ ಕಳಿಸುವುದಿಲ್ಲ.

ದಾಟುವ ಜಾಗ, ಕೂಡುರಸ್ತೆ

ಬೇರೆ ಮಾಡಿದ್ದೆಲ್ಲ ಕೂಡುರಸ್ತೆಗೆ ಬಂದಾಗ ಮತ್ತೆ ಬೆರೆಯುತ್ತದೆ. ಹಾಗಾಗಿ ಹಣದ ದೊಡ್ಡ ಪಾಲು ಇಲ್ಲಿಗೇ ಇರಲಿ ಎಂದು ನಾನು ಹೇಳುತ್ತೇನೆ. ಪಥಕ್ಕೆ ಬಣ್ಣದ ಟೈಲ್ಸ್ ಇಲ್ಲದಿದ್ದರೂ ನಡೆಯುತ್ತದೆ.

ಜೀಬ್ರಾ ಪಟ್ಟೆ ಬ್ರಿಟನ್ನಿನಲ್ಲಿ 1951ರಲ್ಲಿ ಕಾನೂನಿನ ಬಲ ಪಡೆಯಿತು. ಎರಡು ಲೇನಿನ ನಿಧಾನದ ರಸ್ತೆಗೆ ಅದು ಸಾಕು. ನಾಲ್ಕು ಲೇನಿನ ವೇಗದ ರಸ್ತೆಗೆ ಬರೀ ಪಟ್ಟೆ ಅಪಾಯ. ಹತ್ತಿರದ ಲೇನಿನ ಬಸ್ಸು ನಿಂತು ದಾರಿ ಬಿಡುತ್ತದೆ. ಅದರ ಮರೆಯಿಂದ ಹೆಜ್ಜೆ ಇಟ್ಟವರು ಪಕ್ಕದ ಲೇನಿನ ಕಾರಿಗೆ ಕಾಣುವುದೇ ಇಲ್ಲ. ಅಂಥ ರಸ್ತೆಗೆ ಕನಿಷ್ಠ ಬೇಕಾದದ್ದು ನಡುವೆ ನಿಲ್ಲಲು ಒಂದು ಕಟ್ಟೆ. ಲೆಕ್ಕ ಹಾಕಿ: ನಾಲ್ಕು ಲೇನ್ ಅಂದರೆ ಸುಮಾರು 13 ಮೀಟರ್. ಸೆಕೆಂಡಿಗೆ ಒಂದು ಮೀಟರ್ ನಡೆಯುವ ಹಿರಿಯರಿಗೆ 13 ಸೆಕೆಂಡು ಬೇಕು. ಎರಡೂ ಕಡೆಯಿಂದ 13 ಸೆಕೆಂಡಿನ ಬಿಡುವು ಒಟ್ಟಿಗೆ ಸಿಗುವುದು ಅಪರೂಪ. ನಡುವೆ ಕಟ್ಟೆ ಇದ್ದರೆ ಒಂದು ಸಲಕ್ಕೆ ಒಂದು ಕಡೆ ನೋಡಿ ಆರೇಳು ಸೆಕೆಂಡಿನ ಬಿಡುವು ಹುಡುಕಿದರೆ ಸಾಕು. ಕಟ್ಟೆಯ ಅಗಲ ಎರಡು ಮೀಟರಿಗೆ ಕಡಿಮೆ ಇರಬಾರದು. ಸೈಕಲ್ಲಿನ ಉದ್ದವೇ ಸುಮಾರು 1.8 ಮೀಟರ್. ಮಗುವಿನ ತಳ್ಳುಗಾಡಿ ಹಿಡಿದ ತಾಯಿಯೂ ಅಲ್ಲಿ ನಿಲ್ಲಬೇಕು.

ಇದಕ್ಕೂ ಒಳ್ಳೆಯದು ದಾಟುವ ಜಾಗವನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸುವುದು. ಅದು ಹಂಪ್ ಕೂಡ ಹೌದು, ಕ್ರಾಸಿಂಗ್ ಕೂಡ ಹೌದು. ನಡೆಯುವವರು ಇಳಿದು ಹತ್ತಬೇಕಾಗಿಲ್ಲ, ಗಾಡಿಯೇ ಹತ್ತಿ ಇಳಿಯಬೇಕು. ಗಾಲಿಕುರ್ಚಿಗೆ ಇದಕ್ಕಿಂತ ಸುಖ ಬೇರೆ ಇಲ್ಲ. ಆದರೆ ಮಟ್ಟ ಒಂದೇ ಆದಾಗ ಫುಟ್‌ಪಾತ್ ಎಲ್ಲಿ ಮುಗಿಯಿತು ಎಂದು ಕಣ್ಣು ಕಾಣದವರಿಗೆ ತಿಳಿಯಬೇಕು. ಅದಕ್ಕೆ ಗುಬುಟುಗಳಿರುವ ಹಳದಿ ಹಾಸು ಹಾಕಲೇಬೇಕು. ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ಕಂಡುಹಿಡಿದ ಈ ಹಾಸನ್ನು 1967ರಲ್ಲಿ ಒಕಾಯಾಮಾದಲ್ಲಿ ಮೊದಲ ಸಲ ಹಾಕಿದರು.

ಸಿಗ್ನಲ್ ಇದ್ದರೆ ಒಂದು ಸಣ್ಣ ಬದಲಾವಣೆ ಕೇಳಿ. ಗಾಡಿಗಳಿಗೆ ಹಸಿರು ಬರುವ ಮೂರರಿಂದ ಏಳು ಸೆಕೆಂಡು ಮೊದಲೇ ನಡೆಯುವವರಿಗೆ ಹಸಿರು ಕೊಡುವುದು. ತಿರುಗುವ ಗಾಡಿಗಳು ಹೊರಡುವಷ್ಟರಲ್ಲಿ ಜನ ರಸ್ತೆಯ ನಡುವೆ ಕಣ್ಣಿಗೆ ಬೀಳುವ ಹಾಗೆ ಇರುತ್ತಾರೆ. ಸಿಗ್ನಲ್ಲಿನ ಸಮಯ ಬದಲಿಸಿದರೆ ಸಾಕು, ಅಗೆತ ಬೇಡ. ಜನ ತುಂಬ ದಟ್ಟವಾಗಿ ದಾಟುವ ಕಡೆ ಟೋಕಿಯೋದ ಶಿಬುಯಾದ ಹಾಗೆ ನಾಲ್ಕೂ ಕಡೆಯ ಗಾಡಿ ನಿಲ್ಲಿಸಿ ಮೂಲೆಯಿಂದ ಮೂಲೆಗೂ ದಾಟಲು ಬಿಡಬಹುದು. ಸಾಮಾನ್ಯ ಕೂಡುರಸ್ತೆಗೆ ಅದು ಬೇಡ. ಕಾಯುವ ಹೊತ್ತು ಜಾಸ್ತಿಯಾಗಿ ಜನ ಕೆಂಪಿನಲ್ಲೇ ಓಡುತ್ತಾರೆ.

ವೃತ್ತವೋ ಸಿಗ್ನಲ್ಲೋ ಎಂಬ ಚರ್ಚೆಯಲ್ಲಿ ಲೇನುಗಳನ್ನು ಎಣಿಸಿ. ನಾಲ್ಕು ದಾರಿಯ ಸಾಮಾನ್ಯ ಕೂಡುರಸ್ತೆಯಲ್ಲಿ ಗಾಡಿಗೆ ಗಾಡಿ ತಗಲಬಹುದಾದ ಬಿಂದುಗಳು 32. ಒಂದೇ ಲೇನಿನ ವೃತ್ತದಲ್ಲಿ 8. ಅಲ್ಲಿ ಎಲ್ಲರೂ ನಿಧಾನ ಮಾಡಲೇಬೇಕು. ಸಣ್ಣ, ಒಂದೇ ಲೇನಿನ ವೃತ್ತ ಬಹಳ ಸುರಕ್ಷಿತ. ಎರಡು ಮೂರು ಲೇನಿನ ದೊಡ್ಡ ವೃತ್ತ ಮಾತ್ರ ನಡೆಯುವವರಿಗೆ, ಸೈಕಲ್ಲಿಗೆ, ಕಣ್ಣು ಕಾಣದವರಿಗೆ ಭಯದ ಜಾಗ. ಅಲ್ಲಿ ಸಿಗ್ನಲ್ ಮೇಲು.

ರಸ್ತೆಯ ಮೂಲೆ ಎಷ್ಟು ಗುಂಡಗಿದೆ ಎಂದು ಯಾರೂ ನೋಡುವುದಿಲ್ಲ. ದೊಡ್ಡ ಗುಂಡು ಇದ್ದರೆ ಕಾರು ವೇಗ ಇಳಿಸದೆ ತಿರುಗುತ್ತದೆ. ಮೂಲೆಯನ್ನು ಚೂಪು ಮಾಡಿದರೆ ನಿಧಾನ ಮಾಡಲೇಬೇಕು, ದಾಟುವ ದೂರವೂ ಕಡಿಮೆಯಾಗುತ್ತದೆ. ಸೈಕಲ್ ಪಥ ಇದ್ದರೆ ದಾಟುವ ಗೆರೆಯನ್ನು ಒಂದು ಕಾರಿನ ಉದ್ದ, ಸುಮಾರು 5 ಮೀಟರ್ ಅಡ್ಡರಸ್ತೆಯ ಒಳಕ್ಕೆ ಸರಿಸಿ. ಆಗ ಕಾರು ಪೂರ್ತಿ ತಿರುಗಿ, ಸೈಕಲ್ಲನ್ನು ನೇರ ಎದುರಿಗೆ ನೋಡಿ, ಹಿಂದಿನ ಗಾಡಿಗಳಿಗೆ ಅಡ್ಡಿ ಆಗದೆ ನಿಲ್ಲಬಹುದು.

ಗಾಡಿ ಬಾರದ ದಾರಿ: ಟ್ರೇಲ್

ಕೆರೆಯ ದಂಡೆ, ಕಾಲುವೆಯ ಬದಿ, ಬಳಕೆ ತಪ್ಪಿದ ರೈಲು ದಾರಿ. ಇಂಥ ಕಡೆ ದಾರಿ ಮಾಡಲು ಸಾಧ್ಯವಾದರೆ ಅದು ದೊಡ್ಡ ಭಾಗ್ಯ. ಹಳೆಯ ರೈಲು ದಾರಿ ವಿಶೇಷವಾಗಿ ಒಳ್ಳೆಯದು. ರೈಲು ಕಡಿದಾದ ಏರು ಹತ್ತಲಾರದು, ಹಾಗಾಗಿ ಏರು ಮೊದಲೇ ಮೆತ್ತಗಿರುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1960ರ ದಶಕದಲ್ಲಿ ಹೀಗೆ ಮಾಡಿದ ಎಲ್ರಾಯ್–ಸ್ಪಾರ್ಟಾ ಟ್ರೇಲ್ ಸುಮಾರು 50 ಕಿ.ಮೀ. ಉದ್ದ. ಅದರಲ್ಲಿ ಮೂರು ಸುರಂಗಗಳಿವೆ. ಅವುಗಳೊಳಗೆ ಎಲ್ಲರೂ ಟಾರ್ಚ್ ಹಿಡಿದು ಸೈಕಲ್ ತಳ್ಳಿಕೊಂಡೇ ನಡೆಯಬೇಕು.

ಜನ ಕಡಿಮೆ ಇದ್ದರೆ ನಡೆಯುವವರಿಗೂ ಸೈಕಲ್ಲಿಗೂ ಒಂದೇ ದಾರಿ ಸಾಕು. ಅಗಲ 3 ಮೀಟರ್, ಎರಡೂ ಬದಿ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ಖಾಲಿ ಅಂಚು. ಬೆಳಿಗ್ಗೆ ಸಂಜೆ ಜನ ತುಂಬುವ ದಾರಿಯಾದರೆ ಬೇರೆ ಮಾಡಿ. ಅಮೆರಿಕದ ಮಿನಿಯಾಪೊಲಿಸ್ ನಗರದ ಮಿಡ್‌ಟೌನ್ ಗ್ರೀನ್‌ವೇ ಎಂಬ ಟ್ರೇಲಿನಲ್ಲಿ ಹಾಗೆ ನಡೆಯುವವರಿಗೆ ಬೇರೆ ಪಟ್ಟಿ ಇದೆ. ಬೇರೆ ಮಾಡಲು ಬಿಳಿ ಗೆರೆ ಸಾಲದು. ಹರಟುತ್ತಾ ನಡೆಯುವವರು, ಕೈ ಬಿಡಿಸಿಕೊಂಡು ಓಡುವ ಮಕ್ಕಳು ಗೆರೆ ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ. ನಡುವೆ ಹುಲ್ಲಿನ ಪಟ್ಟಿ, ಇಲ್ಲವೇ ಕಾಲಿಗೆ ಗೊತ್ತಾಗುವ ಬೇರೆ ನೆಲ ಇರಲಿ.

ನೆಲದ ವಿಷಯದಲ್ಲಿ ಆಸೆಗಳು ಬೇರೆ ಬೇರೆ. ಓಡುವವರಿಗೆ ಒತ್ತಿ ಗಟ್ಟಿ ಮಾಡಿದ ಸಣ್ಣ ಜಲ್ಲಿಪುಡಿಯ ನೆಲ ಇಷ್ಟ, ಮಂಡಿಗೆ ಮೆತ್ತಗೆ. ಅದು ಅಗ್ಗ ಕೂಡ. ಆದರೆ ಜೋರು ಮಳೆಗೆ ಕೊರೆದುಹೋಗುತ್ತದೆ, ಇಳಿಜಾರಿನಲ್ಲಂತೂ ನಿಲ್ಲುವುದಿಲ್ಲ. ಡಾಂಬರು ಸೈಕಲ್ಲಿಗೆ, ಗಾಲಿಕುರ್ಚಿಗೆ ನುಣುಪು, ಮರದ ಬೇರಿಗೆ ಉಬ್ಬುತ್ತದೆ. ಕಾಂಕ್ರೀಟ್ ಬಾಳಿಕೆ ಬರುತ್ತದೆ, ಖರ್ಚು ಜಾಸ್ತಿ. ಮರದ ಹಲಗೆಯ ಸೇತುವೆ ಒದ್ದೆಯಾದರೆ ಜಾರುತ್ತದೆ. ಸೈಕಲ್ಲಿನವರು ಬೀಳುವುದು ಹೆಚ್ಚಾಗಿ ಅಲ್ಲಿ, ಅದೂ ತಿರುವಿದ್ದರೆ. ಏರು ಶೇ. 5 ದಾಟದಿರಲಿ, ಅಡ್ಡ ಇಳಿಜಾರು ಶೇ. 2 ಸಾಕು. ನೀರು ಹರಿಯಲು ಅಷ್ಟು ಬೇಕು, ಗಾಲಿಕುರ್ಚಿ ವಾಲದಿರಲು ಅಷ್ಟೇ ಇರಬೇಕು.

ದಾರಿಯ ಬಾಯಲ್ಲಿ ಬೈಕು, ಕಾರು ತಡೆಯಲು ಗೂಟ ನೆಡುವ ಅಭ್ಯಾಸ ಎಲ್ಲೆಲ್ಲೂ ಇದೆ. ದಯವಿಟ್ಟು ಯೋಚಿಸಿ. ಗುಂಪಿನಲ್ಲಿ ಬರುವ ಸೈಕಲ್ಲಿನವರಲ್ಲಿ ಮುಂದಿನವರಿಗೆ ಗೂಟ ಕಾಣುತ್ತದೆ, ಹಿಂದಿನವರಿಗೆ ಕಾಣುವುದಿಲ್ಲ. ತಿರುಗು ಗೇಟು, ಬಾಗಿಸಿದ ಪೈಪು ಹಾಕಿದರೆ ಗಾಲಿಕುರ್ಚಿಯವರು ಹೊರಗೇ ಉಳಿಯುತ್ತಾರೆ. ಬದಲಿಗೆ ದಾರಿಯನ್ನು ಬಾಯಿಯಲ್ಲಿ ಎರಡು ಕಿರಿದಾದ ಸೀಳು ಮಾಡಿ, ನಡುವೆ ತಗ್ಗು ಗಿಡಗಳ ಪಾತಿ ಮಾಡಿ. ಕಾರಿಗೆ ಇದು ತನ್ನ ದಾರಿಯಲ್ಲ ಎಂದು ಅಲ್ಲೇ ತಿಳಿಯುತ್ತದೆ.

ದೀಪ ಬೇಕಾ ಎಂಬುದು ಬಳಕೆಯ ಮೇಲೆ ನಿಂತಿದೆ. ಕೆಲಸಕ್ಕೆ, ಶಾಲೆಗೆ ಹೋಗುವ ದಾರಿಯಾದರೆ ಬೇಕು. ದೀಪ ಇಲ್ಲದ ದಾರಿ ಸಂಜೆಯಾದ ಮೇಲೆ ಹೆಂಗಸರಿಗೆ ಇಲ್ಲದ ದಾರಿ. ಕಾಡು, ಹಕ್ಕಿಗಳಿರುವ ಜಾಗವಾದರೆ ದೀಪ ಹಾಕದೆ, ಪಕ್ಕದ ಬೀದಿಯಲ್ಲೇ ಒಂದು ಬೆಳಕಿನ ದಾರಿ ಕೊಡಿ. ಹೊರಗೆ ಹೋಗುವ ಬಾಯಿಗಳು ಹತ್ತಿರ ಹತ್ತಿರ ಇರಲಿ. ಪೊದೆ ಕತ್ತರಿಸಿರಲಿ.

ಟ್ರೇಲ್ ರಸ್ತೆಯನ್ನು ದಾಟುವ ಜಾಗಕ್ಕೆ ಮೇಲೆ ಹೇಳಿದ್ದೆಲ್ಲ ಅನ್ವಯ: ಎತ್ತರಿಸಿದ ಕ್ರಾಸಿಂಗ್, ನಡುವಿನ ಕಟ್ಟೆ, ಎರಡೂ ಕಡೆ ಮರೆ ಇಲ್ಲದ ನೋಟ. ಇಡೀ ಟ್ರೇಲಿನ ಅಪಾಯ ಆ ಕೆಲವು ಮೀಟರುಗಳಲ್ಲೇ ಕೂಡಿಕೊಂಡಿರುತ್ತದೆ.

ದಾರಿ ತೋರಿಸುವ ಫಲಕಗಳಿಗೂ ಒಂದು ಮಾತು. ಬೆಲ್ಜಿಯಂನ ಗಣಿ ಎಂಜಿನಿಯರ್ ಹ್ಯೂಗೊ ಬೊಲೆನ್ ಅವರ ಯೋಚನೆಯಂತೆ 1995ರಲ್ಲಿ ಲಿಂಬರ್ಗ್ ಪ್ರಾಂತ್ಯದಲ್ಲಿ ಸೈಕಲ್ ದಾರಿಗಳ ಪ್ರತಿ ಕೂಡುಜಾಗಕ್ಕೂ ಒಂದು ಸಂಖ್ಯೆ ಕೊಟ್ಟರು. ‘ನನ್ನ ದಾರಿ 14, 27, 31’ ಎಂದು ಚೀಟಿಯಲ್ಲಿ ಬರೆದುಕೊಂಡರೆ ಸಾಕು, ಹೊಸಬರೂ ಹೋಗಬಹುದು. ಊರಿನ ಹೆಸರು ತುಂಬಿದ ಫಲಕಕ್ಕಿಂತ ಇದು ನನಗೆ ಸುಲಭ ಅನ್ನಿಸುತ್ತದೆ.

ಕಟ್ಟುವ ಮೊದಲು ಇಟ್ಟು ನೋಡಿ

ಯಾವುದನ್ನೇ ಆರಿಸಿದರೂ ಮೊದಲ ದಿನವೇ ಕಾಂಕ್ರೀಟ್ ಸುರಿಯಬೇಡಿ. ಹೂಕುಂಡ, ಬಣ್ಣ, ರಬ್ಬರ್ ಕಟ್ಟೆ, ಬಾಗುವ ಪ್ಲಾಸ್ಟಿಕ್ ಕಂಬಗಳಿಂದ ವೃತ್ತ, ಚಾಚಿದ ಕಟ್ಟೆ, ಸೈಕಲ್ ಪಥ ಎಲ್ಲವನ್ನೂ ಕೆಲವು ತಿಂಗಳು ಇಟ್ಟು ನೋಡಬಹುದು. ಬಸ್ಸು ತಿರುಗಲು ಆಗುತ್ತದೆಯೇ, ಪಕ್ಕದ ಬೀದಿಗೆ ಗಾಡಿ ಜಾಸ್ತಿಯಾಯಿತೇ, ಮಳೆನೀರು ಎಲ್ಲಿ ನಿಂತಿತು ಎಂಬುದು ಆಗಲೇ ತಿಳಿಯುವುದು. ಸಭೆಯಲ್ಲಿ ಗಟ್ಟಿಯಾಗಿ ವಿರೋಧಿಸಿದವರೂ ಕಣ್ಣಾರೆ ನೋಡಿ ಮನಸ್ಸು ಬದಲಿಸುವುದುಂಟು. ಕೆಲವೊಮ್ಮೆ ಅವರು ಹೇಳಿದ್ದೇ ಸರಿ ಎಂದೂ ಗೊತ್ತಾಗುತ್ತದೆ, ಆಗ ಹೂಕುಂಡ ಸರಿಸಿದರೆ ಆಯಿತು.

ಮೊದಲು ಹಾಕಿದ ಆ 50 ಮೀಟರ್ ಗುರುತನ್ನು ಅಳಿಸಬೇಡಿ. ಮೂರು ತಿಂಗಳ ನಂತರ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಇನ್ನೊಂದು 100 ಗಾಡಿಗಳನ್ನು ಅಳೆಯಿರಿ. ಒಮ್ಮೆ ಶಾಲೆ ಬಿಡುವ ಹೊತ್ತಿಗೂ, ಒಮ್ಮೆ ರಾತ್ರಿಯೂ ಅಳೆಯಿರಿ. 85ನೆಯ ಗಾಡಿ 6 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ತೆಗೆದುಕೊಂಡರೆ ಬೆರೆಸಿದ್ದು ಸರಿಯಾಗಿದೆ, ಈಗ ಕಲ್ಲು ಕಾಂಕ್ರೀಟಿನಲ್ಲಿ ಕಟ್ಟಬಹುದು. ಅದಕ್ಕಿಂತ ಬೇಗ ದಾಟಿದರೆ ಇನ್ನೂ ನಿಧಾನ ಮಾಡಬೇಕು. ಅದು ಆಗದ ರಸ್ತೆಯಾದರೆ ಬೇರೆ ಪಥಕ್ಕೆ ಜಾಗ ಹುಡುಕಬೇಕು.